ತಿದಿ ಕಟ್ಟಿದ ಮೋಟಾರು

ಕಮ್ಮಾರನ ಕುಲುಮೆಯ ಮುಂದೆ ಒಂದು ಗಳಿಗೆಯಾದರೂ ನಿಲ್ಲದೆ ಬೆಳೆದವರು ನಮ್ಮ ಸೀಮೆಯಲ್ಲಿ ಹಿಂದೆ ಬಹಳ ವಿರಳ. ನವಲಗುಂದದ ಎರಿಹೊಲದಲ್ಲಿ ಕುಂಟೆಯ ಕುಡ ಮೊಂಡಾಗಲಿ, ಅಣ್ಣಿಗೇರಿಯಲ್ಲಿ ಬಂಡಿಯ ಗಾಲಿಗೆ ಬಿಗಿದ ಕಬ್ಬಿಣದ ಹಳಿ ಸಡಿಲಾಗಲಿ, ಕೊನೆಗೆ ಎಲ್ಲರೂ ಹೋಗಿ ಕೂಡುತ್ತಿದ್ದುದು ತಿದಿಯ ಎದುರಿಗೇ. ಇದ್ದಿಲು ಅದೇ, ಒಲೆ ಅದೇ. ತಿದಿಯನ್ನು ನಾಲ್ಕು ಸಲ ಒತ್ತಿದೊಡನೆ ಕೆಂಪಗಿದ್ದ ಕೆಂಡ ಬೆಳ್ಳಗಾಗಿ ಕಣ್ಣು ಕುಕ್ಕುತ್ತಿತ್ತು. ಉರುವಲನ್ನು ಹೆಚ್ಚಿಸದೆ ಗಾಳಿಯನ್ನಷ್ಟೇ ಹೆಚ್ಚಿಸಿ ಬೆಂಕಿಯ ಬಲವನ್ನು ಏರಿಸಬಹುದೆಂಬ ಮಾತನ್ನು ಹಳ್ಳಿಯ ಹುಡುಗರಿಗೆ ಯಾವ ಮಾಸ್ತರರೂ ಹೇಳಿಕೊಡಬೇಕಾಗಿರಲಿಲ್ಲ.

ಮೋಟಾರಿನ ಇಂಜಿನ್ನೂ ಒಂದು ಕುಲುಮೆಯೇ. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಅದಕ್ಕೆ ಹೆಚ್ಚು ಕಡಿಮೆ ಹದಿನೈದು ತೂಕ ಗಾಳಿ ಬೇಕು. ಪೆಟ್ರೋಲನ್ನು ಎಷ್ಟು ಬೇಕಾದರೂ ಸುರಿಯಬಹುದು. ಗಾಳಿಯನ್ನು ಮಾತ್ರ ಇಂಜಿನ್ನು ತನ್ನ ಉಸಿರಿನಿಂದಲೇ ಎಳೆದುಕೊಳ್ಳಬೇಕು, ಆ ಉಸಿರಿಗೆ ಮಿತಿಯುಂಟು. ಹೊರಗಿನಿಂದ ಒತ್ತಿ ಗಾಳಿ ತುಂಬುವ ಸಲಕರಣೆಯೇ ಸೂಪರ್‌ಚಾರ್ಜರ್. ಇಂಜಿನ್ನಿನ ದಂಡದಿಂದಲೇ ಪಟ್ಟಿಯ ಮೂಲಕವೋ ಹಲ್ಲುಗಾಲಿಯ ಮೂಲಕವೋ ತಿರುಗುವುದು ಒಂದು ಜಾತಿ; ಹೊಗೆಯ ರಭಸದಿಂದ ತಿರುಗುವುದು, ಅಂದರೆ ಟರ್ಬೊ ಎನ್ನಿಸಿಕೊಳ್ಳುವುದು, ಇನ್ನೊಂದು ಜಾತಿ. ಎರಡೂ ತಿದಿಯ ವಂಶದವೇ ಆದುದರಿಂದ ನಾನು ಈ ಲೇಖನದಲ್ಲಿ ಅಲ್ಲಲ್ಲಿ ತಿದಿಯೆಂದೇ ಕರೆದರೆ ಓದುಗರು ಮನ್ನಿಸಬೇಕು.

ಈ ವಿಷಯಕ್ಕೆ ನಾನು ಕೈಹಾಕಿದ್ದಕ್ಕೆ ಕಾರಣ ಹುಬ್ಬಳ್ಳಿಯ ನನ್ನೊಬ್ಬ ಸ್ನೇಹಿತರು. ಅವರ ಕುಂದಗೋಳದ ತೋಟದ ಮನೆಯಲ್ಲಿ ಒಂದು ಎಂ.ಜಿ. ಟಿ.ಡಿ. ಕಾರಿದೆ, 1951ರ ಮಾದರಿ, ಎರಡೇ ಆಸನ, ಬಟ್ಟೆಯ ಮೇಲ್ಛಾವಣಿ. ಅದಕ್ಕೆ ಹೊಂದುವ, ಅದೇ ಕಾಲದ ಶಾರಕ್ ಎಂಬ ಇಂಗ್ಲಿಷ್ ತಯಾರಿಕೆಯ ಸೂಪರ್‌ಚಾರ್ಜರ್ ಒಂದು ಅವರಿಗೆ ದೊರೆಯಿತು. ಜೋಡಿಸಬೇಕೋ ಬೇಡವೋ ಎಂಬುದು ಅವರ ಪ್ರಶ್ನೆ. "ಹಳೆಯ ಕಾರಿಗೆ ಹೊಸ ಬಲ ತುಂಬಿದರೆ ಅದು ಹಳೆಯ ಕಾರಾಗಿ ಉಳಿದೀತೇ?" ಎಂದು ಅವರು ಕೇಳಿದರು. ನಾನು ಯಂತ್ರದ ಕೆಲಸ ಬಲ್ಲವನಲ್ಲ, ಹಳೆಯ ಕಾಗದ ಓದುವವನು. ಆದುದರಿಂದ ಉತ್ತರವನ್ನು ಇತಿಹಾಸದಲ್ಲಿ ಹುಡುಕಿದೆ.

ಇತಿಹಾಸ ಆರಂಭವಾಗುವುದು ನಮಗೆ ಪರಿಚಿತವಾದ ಒಂದು ಸ್ಥಳದಲ್ಲಿ, ನೂಲಿನ ಗಿರಣಿಯಲ್ಲಿ. ಅಮೆರಿಕದ ಇಂಡಿಯಾನಾ ಸಂಸ್ಥಾನದ ಕಾನರ್ಸ್‌ವಿಲ್ ಎಂಬ ಊರಿನಲ್ಲಿ ಫಿಲ್ಯಾಂಡರ್ ಮತ್ತು ಫ್ರಾನ್ಸಿಸ್ ರೂಟ್ಸ್ ಎಂಬ ಸೋದರರು ಉಣ್ಣೆಯ ಗಿರಣಿ ನಡೆಸುತ್ತಿದ್ದರು. ಗಿರಣಿಗೆ ಒಂದು ಉತ್ತಮ ಜಲಚಕ್ರ ಬೇಕೆಂದು ಅವರು ಪ್ರಯೋಗಕ್ಕೆ ತೊಡಗಿದರು. ಒಂದು ಪೆಟ್ಟಿಗೆಯೊಳಗೆ ಒಂದನ್ನೊಂದು ಸವರಿಕೊಂಡು ತಿರುಗುವ ಎರಡು ಎಲೆಗಳ ಆ ಸಾಧನ, ನೀರಿಗಿಂತ ಗಾಳಿಯನ್ನು ತಳ್ಳುವುದರಲ್ಲಿ ಗಟ್ಟಿಗವೆಂದು ಕಂಡುಬಂತು. 1860ರಲ್ಲಿ ಪೇಟೆಂಟು ದೊರೆಯಿತು. ಎರಕದ ಕಾರ್ಖಾನೆಗಳು ಅದನ್ನು ಕೊಂಡವು, ಗಣಿಗಳು ಕೊಂಡವು. ಮೋಟಾರು ಕಾರು ಹುಟ್ಟುವುದಕ್ಕೆ ಇನ್ನೂ ಇಪ್ಪತ್ತೈದು ವರ್ಷ ಇದ್ದಾಗಲೇ ಅದಕ್ಕೆ ಕಟ್ಟಬೇಕಾದ ತಿದಿ ಸಿದ್ಧವಾಗಿತ್ತು!

ಇಲ್ಲಿ ಧಾರವಾಡ ಜಿಲ್ಲೆಯ ಮಾತೊಂದನ್ನು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅದೇ ಶತಮಾನದ ನಲವತ್ತರ ದಶಕದಲ್ಲಿ ಕಂಪನಿ ಸರಕಾರ ನಮ್ಮ ಎರಿಭೂಮಿಗೆ ಅಮೆರಿಕದ ಹತ್ತಿಯನ್ನು ತಂದಿತು. ಆ ಹತ್ತಿಯ ಕಾಳನ್ನು ನಮ್ಮ ಹಳೆಯ ರಾಟೆಗಳು ಸುಲಭವಾಗಿ ಬಿಡಿಸಲಾರದೆ ಹೋದುದರಿಂದ ಗರಗಸದ ಹಲ್ಲುಳ್ಳ ಜಿನ್ನುಗಳೂ ಅದರ ಹಿಂದೆಯೇ ಬಂದವು. 'ಧಾರವಾಡ ಸಾ-ಜಿನ್' ಎಂಬ ಹೆಸರು ಮುಂಬಯಿಯಿಂದ ಲಿವರ್‌ಪೂಲಿನವರೆಗೆ ವ್ಯಾಪಾರಿಗಳ ಬಾಯಲ್ಲಿ ಓಡಾಡಿತು. ಆದರೆ ಹಲ್ಲು ಸವೆದ ಜಿನ್ನು ಎಳೆಯನ್ನು ಕತ್ತರಿಸುತ್ತದೆ, ಕಾಳನ್ನು ಒಡೆಯುತ್ತದೆ. ಆದುದರಿಂದ ಧಾರವಾಡದಲ್ಲಿ ಅವುಗಳ ದುರಸ್ತಿಗೆಂದೇ ಸರಕಾರಿ ಕಾರ್ಖಾನೆಯೊಂದು ಬೇಕಾಯಿತು. ಪರಸ್ಥಳದ ಯಂತ್ರವನ್ನು ತಂದು ಕಟ್ಟುವುದು ಒಂದು ದಿನದ ಕೆಲಸ. ಅದನ್ನು ನೋಡಿಕೊಳ್ಳುವ ಕೈ ತಯಾರಾಗುವುದಕ್ಕೆ ಒಂದು ತಲೆಮಾರು ಬೇಕು. ಸೂಪರ್‌ಚಾರ್ಜರಿನ ಕಥೆ ಓದುವಾಗ ಈ ಜಿನ್ನುಗಳು ನನಗೆ ಪದೇ ಪದೇ ನೆನಪಾದವು.

ಮೋಟಾರಿನ ಆದಿಪುರುಷರಲ್ಲಿ ಒಬ್ಬನಾದ ಗಾಟ್ಲೀಬ್ ಡೈಮ್ಲರ್ 1885ರಲ್ಲೇ ಇಂಜಿನ್ನಿಗೆ ಒತ್ತಿ ಗಾಳಿ ತುಂಬುವ ಉಪಾಯಕ್ಕೆ ಜರ್ಮನಿಯಲ್ಲಿ ಪೇಟೆಂಟು ಪಡೆದಿದ್ದ. 1908ರಲ್ಲಿ ಅಮೆರಿಕದ ಚಾಡ್ವಿಕ್ ಕಾರೊಂದು ಇಂಥ ಸಾಧನದ ಬಲದಿಂದ ಪೆನ್ಸಿಲ್ವೇನಿಯಾದ 'ಜೈಂಟ್ಸ್ ಡಿಸ್ಪೇರ್' ಎಂಬ ಗುಡ್ಡದ ಏರನ್ನು ಎಲ್ಲರಿಗಿಂತ ಬೇಗ ಹತ್ತಿ ಗೆದ್ದಿತು. ದೈತ್ಯರ ಹತಾಶೆ ಎಂದು ಆ ಹೆಸರಿನ ಅರ್ಥ. ನಮ್ಮ ಕಲಘಟಗಿ ದಾಟಿ ಯಲ್ಲಾಪುರದ ಆಚೆ ಅರಬೈಲು ಘಟ್ಟದಲ್ಲಿ ಹತ್ತಿಯ ಹೇರು ಬಂಡಿಗಳನ್ನು ಹೊಡೆದವರು ಅಂಥ ಹೆಸರನ್ನು ತಾವೂ ಇಟ್ಟಾರು.

ಮೊದಲ ಮಹಾಯುದ್ಧದಲ್ಲಿ ವಿಮಾನಗಳು ಮೇಲೇರಿದಂತೆ ಗಾಳಿ ತೆಳುವಾಗಿ ಇಂಜಿನ್ನುಗಳು ಸೊರಗಿದುದರಿಂದ ಈ ವಿದ್ಯೆಗೆ ಬೆಲೆ ಬಂತು. ಯುದ್ಧ ಮುಗಿದ ಮೇಲೆ, 1921ರ ಬರ್ಲಿನ್ ಮೋಟಾರು ಪ್ರದರ್ಶನದಲ್ಲಿ ಮರ್ಸಿಡಿಸ್‌ನವರು ಸೂಪರ್‌ಚಾರ್ಜರ್ ಇದ್ದ ಕಾರುಗಳನ್ನು ಮುಂದಿಟ್ಟರು. ಅವುಗಳ ಹೆಸರುಗಳೇ ಒಂದು ಲೆಕ್ಕಪತ್ರ. 10/40/65 ಎಂದರೆ ತೆರಿಗೆಯ ಲೆಕ್ಕಕ್ಕೆ 10 ಅಶ್ವಶಕ್ತಿ, ಸಾಮಾನ್ಯ ಓಟದಲ್ಲಿ 40, ತಿದಿ ಹೂಡಿದಾಗ 65. ಚಾಲಕ ಪೆಡಲನ್ನು ತಳದವರೆಗೆ ತುಳಿದರೆ ಮಾತ್ರ ತಿದಿ ಹೂಡಿಕೊಳ್ಳುತ್ತಿತ್ತು, ಅದೂ ಸ್ವಲ್ಪ ಹೊತ್ತಿಗೆ. 1923ರಲ್ಲಿ ಇಟಲಿಯ ಮೊಂಜಾದಲ್ಲಿ ಫಿಯಟ್ ಕಾರೊಂದು ಸೂಪರ್‌ಚಾರ್ಜರಿನಿಂದ ಗ್ರಾಂಡ್ ಪ್ರಿ ಗೆದ್ದಿತು. ಗ್ರಾಂಡ್ ಪ್ರಿಯಲ್ಲಿ ತಿದಿಯ ಮೊದಲ ಗೆಲುವು ಅದು.

ಇಷ್ಟೂ ಕಾರ್ಖಾನೆಯವರೇ ಮಾಡಿದ ಕೆಲಸ. ಹೊರಗಿನವರು ಮಾಡುವವನ ಇಚ್ಛೆಗೆ ವಿರುದ್ಧವಾಗಿ ತಿದಿ ಕಟ್ಟಿದ ದೊಡ್ಡ ಕಥೆ ಬೆಂಟ್ಲಿಯದು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಡಬ್ಲ್ಯು. ಓ. ಬೆಂಟ್ಲಿ ಇಂಗ್ಲೆಂಡಿನಲ್ಲಿ ಗಟ್ಟಿಮುಟ್ಟಾದ ಕಾರುಗಳನ್ನು ಕಟ್ಟುತ್ತಿದ್ದ. ವೇಗ ಹೆಚ್ಚಬೇಕೆ? ಇಂಜಿನ್ನನ್ನೇ ದೊಡ್ಡದು ಮಾಡಬೇಕು ಎಂಬುದು ಅವನ ಸಿದ್ಧಾಂತ. ಅವನ ಕಾರುಗಳನ್ನು ಓಡಿಸಿ ಹೆಸರು ಮಾಡಿದ ಸರ್ ಹೆನ್ರಿ ಬರ್ಕಿನ್‌ನ ಮತ ಬೇರೆ. ನಾಲ್ಕೂವರೆ ಲೀಟರಿನ ಬೆಂಟ್ಲಿಗೆ ಆಮ್ಹರ್ಸ್ಟ್ ವಿಲ್ಯರ್ಸ್ ಎಂಬ ಇಂಜಿನಿಯರನ ಸೂಪರ್‌ಚಾರ್ಜರ್ ಕೂಡಿಸಿದರೆ ಮರ್ಸಿಡಿಸನ್ನು ಹಿಡಿಯಬಹುದೆಂದು ಅವನು ಹಟ ಹಿಡಿದ. ಇಂಜಿನ್ನಿನ ಮೂಲ ರಚನೆಯೇ ಕೆಡುತ್ತದೆಂದು ಬೆಂಟ್ಲಿ ಕಡೆಯವರೆಗೂ ವಿರೋಧಿಸಿದ. ಆದರೆ ಕಂಪನಿಯ ಹಣದ ಕೀಲಿಕೈ ಅವನಲ್ಲಿರಲಿಲ್ಲ. ಅಧ್ಯಕ್ಷ ವುಲ್ಫ್ ಬಾರ್ನಾಟೊ ಒಪ್ಪಿಗೆ ಕೊಟ್ಟ. ಡೊರತಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆ ಪಂದ್ಯದ ಕಾರುಗಳಿಗೆ ಹಣ ಸುರಿದಳು. ಲ ಮಾನ್ ಪಂದ್ಯದ ನಿಯಮಕ್ಕಾಗಿ 50 ಕಾರುಗಳನ್ನು ಮಾರಾಟಕ್ಕೆ ಕಟ್ಟಬೇಕಾಯಿತು. ಸಾಮಾನ್ಯ ನಾಲ್ಕೂವರೆ ಲೀಟರಿನ ಕಾರಿಗೆ 110 ಅಶ್ವಶಕ್ತಿಯಿದ್ದರೆ, ತಿದಿ ಕಟ್ಟಿದ್ದಕ್ಕೆ 175. ಪಂದ್ಯದ ಕಾರಿಗೆ 240. ಆ ಸಾಧನ ರೇಡಿಯೇಟರಿನ ಮುಂದೆ, ಆನೆಯ ದಂತಗಳ ನಡುವೆ ಸೊಂಡಿಲಿದ್ದಂತೆ, ಎದುರಿಗೇ ಕಾಣುತ್ತಿತ್ತು.

ಪರಿಣಾಮವೇನು? 1930ರ ಲ ಮಾನ್‌ನಲ್ಲಿ ಬರ್ಕಿನ್ ಒಂದೆರಡು ಗಾಲಿ ಹುಲ್ಲಿನ ಮೇಲೇರಿಸಿ, ಟಯರಿನ ಪದರ ಹರಿದು ಹಾರುತ್ತಿದ್ದರೂ ಲೆಕ್ಕಿಸದೆ ಕಾರಚ್ಚೋಲನ ಮರ್ಸಿಡಿಸನ್ನು ಹಿಂದೆ ಹಾಕಿದ. ಕೊನೆಗೆ ಮರ್ಸಿಡಿಸೂ ನಿಂತಿತು, ತಿದಿಯ ಬೆಂಟ್ಲಿಗಳೂ ನಿಂತವು. ಗೆದ್ದದ್ದು ಬಾರ್ನಾಟೊ ಮತ್ತು ಕಿಡ್‌ಸ್ಟನ್ ಓಡಿಸಿದ, ತಿದಿಯಿಲ್ಲದ, ಇಂಜಿನ್ನೇ ದೊಡ್ಡದಾದ ಇನ್ನೊಂದು ಬೆಂಟ್ಲಿ. ಅಂದರೆ ಮಾಡಿದವನ ಮಾತೇ ನಿಜವಾಯಿತು. ತಿದಿಯ ಬೆಂಟ್ಲಿ ಲ ಮಾನನ್ನು ಎಂದೂ ಗೆಲ್ಲಲಿಲ್ಲ. ಅದೇ ವರ್ಷ ಪೋ ನಗರದ ಫ್ರೆಂಚ್ ಗ್ರಾಂಡ್ ಪ್ರಿಯಲ್ಲಿ ಎರಡನೆಯ ಸ್ಥಾನ, 1932ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗಂಟೆಗೆ 137.96 ಮೈಲಿನ ದಾಖಲೆ, ಇಷ್ಟೇ ಹೇಳಿಕೊಳ್ಳುವ ಗಳಿಕೆ. 1931ರಲ್ಲಿ ಕಂಪನಿ ರೋಲ್ಸ್-ರಾಯ್ಸ್ ಪಾಲಾಯಿತು, 1933ರಲ್ಲಿ ಬರ್ಕಿನ್ ತೀರಿಕೊಂಡ.

ಆದರೆ ಲೋಕದ ನೆನಪು ಪಂದ್ಯದ ಫಲಿತಾಂಶವನ್ನು ನೋಡಿ ನಡೆಯುವುದಿಲ್ಲ. ಬರ್ಕಿನ್ ಬ್ರೂಕ್‌ಲ್ಯಾಂಡ್ಸ್ ದಾಖಲೆಗೆ ಓಡಿಸಿದ ಆ ಒಂಟಿ ಆಸನದ ಕಾರು 2012ರ ಹರಾಜಿನಲ್ಲಿ 50 ಲಕ್ಷ ಪೌಂಡಿಗೂ ಮೀರಿ ಮಾರಾಟವಾಯಿತು. ತನ್ನ ಸಂಸ್ಥಾಪಕ ಬೇಡವೆಂದ ಅದೇ ಕಾರಿನ 12 ಹೊಸ ಪ್ರತಿಗಳನ್ನು ಕಟ್ಟುವುದಾಗಿ ಬೆಂಟ್ಲಿ ಕಂಪನಿ 2019ರಲ್ಲಿ ಪ್ರಕಟಿಸಿತು. ಮೂಲರೂಪಕ್ಕೆ ಕುಂದು ತಂದಿತೆಂದು ಯಾವುದನ್ನು ದೂರಿದರೋ ಅದೇ ಇಂದು ಮೂಲರೂಪ!

ಎಂ.ಜಿ.ಯ ಕಥೆ ಇಷ್ಟು ಕಹಿಯದಲ್ಲ. ಅಬಿಂಗ್ಡನ್ನಿನ ಆ ಕಾರ್ಖಾನೆ ಸಣ್ಣ ಇಂಜಿನ್ನಿನಿಂದ ದೊಡ್ಡ ಕೆಲಸ ತೆಗೆಯುವುದಕ್ಕೆ ಹೆಸರಾದದ್ದು; ತಿದಿಯನ್ನು ಅದು ಮೊದಲಿನಿಂದಲೂ ಬಂಧುವೆಂದೇ ಕಂಡಿತ್ತು. 1933ರಲ್ಲಿ ಸೂಪರ್‌ಚಾರ್ಜರ್ ಹೊತ್ತ ಅದರ ಕೆ-3 ಕಾರನ್ನು ಓಡಿಸಿ ಮಹಾನ್ ಚಾಲಕ ನುವೊಲಾರಿ ಟೂರಿಸ್ಟ್ ಟ್ರೋಫಿ ಗೆದ್ದ. 1939ರಲ್ಲಿ ಗೋಲ್ಡಿ ಗಾರ್ಡ್ನರ್ ಜರ್ಮನಿಯ ಡೆಸಾವ್ ಹೆದ್ದಾರಿಯಲ್ಲಿ 1100 ಸಿ.ಸಿ. ಒಳಗಿನ ಎಂ.ಜಿ. ಇಂಜಿನ್ನಿನಿಂದ ಗಂಟೆಗೆ 203 ಮೈಲು ದಾಟಿದ. ಅಷ್ಟಕ್ಕೆ ತೃಪ್ತನಾಗದೆ, ಇಂಜಿನ್ನನ್ನು ಅಲ್ಲಿಯೇ ಕೊರೆಸಿ 1100 ಸಿ.ಸಿ.ಗಿಂತ ತುಸು ಹಿಗ್ಗಿಸಿ, ಎರಡು ದಿನದಲ್ಲಿ ಮೇಲಿನ ವರ್ಗದ ದಾಖಲೆಯನ್ನೂ ಮುರಿದ. ಕೆಲವೇ ತಿಂಗಳಲ್ಲಿ ಯುದ್ಧ ಬಂತು.

ಯುದ್ಧಾನಂತರದ ಟಿ.ಸಿ., ಟಿ.ಡಿ. ಕಾರುಗಳಲ್ಲಿ ಇದ್ದುದು 1250 ಸಿ.ಸಿ. ಇಂಜಿನ್ನು, 54 ಅಶ್ವಶಕ್ತಿ. 1950ರಿಂದ 1953ರ ವರೆಗೆ ತಯಾರಾದ ಟಿ.ಡಿ.ಗಳು ಸುಮಾರು 30,000. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹೋದವು. ಅಲ್ಲಿಯ ಉದ್ದ ರಸ್ತೆಗಳಲ್ಲಿ 54 ಸಾಲದೆ ಬಂದಾಗ ಬೇರೆಯವರ ಸೂಪರ್‌ಚಾರ್ಜರ್ ತಂದು ಕೂಡಿಸುವ ಹವ್ಯಾಸ ಬೆಳೆಯಿತು. ಇಂಗ್ಲೆಂಡಿನ ಶಾರಕ್, ಮಾರ್ಷಲ್. ಅಮೆರಿಕದ ಪೆನ್ಸಿಲ್ವೇನಿಯಾದ ಜಡ್ಸನ್. ಜಡ್ಸನ್ನಿಗೆ ಎಣ್ಣೆ ಉಣಿಸಲು ಒಂದು ಗಾಜಿನ ಸೀಸೆ ಬೇರೆಯೇ ಇರುತ್ತಿತ್ತು. ಪೆಟ್ರೋಲು ನೋಡುವಂತೆ ಮಾಲಿಕ ಅದನ್ನೂ ನೋಡಿಕೊಳ್ಳಬೇಕಾಗಿತ್ತು. ಫೋಕ್ಸ್‌ವಾಗನ್ನಿನ ಜೀರುಂಡೆ ಕಾರಿಗೂ ಜಡ್ಸನ್ ತಿದಿ ಬಂತು. ಇವನ್ನು ಕೊಂಡವರು ಧನಿಕರಲ್ಲ. ಧನಿಕನಾದವನು ಜಾಗ್ವಾರ್ ಕೊಳ್ಳುತ್ತಿದ್ದ. ಇದ್ದ ಕಾರಿನಲ್ಲೇ ಇನ್ನಷ್ಟು ಬೇಕೆಂದವನು ಶಾರಕ್ ಕೊಳ್ಳುತ್ತಿದ್ದ. ಈ ಪದ್ಧತಿ ಈಗಲೂ ನಿಂತಿಲ್ಲ. ಮುಂದೆ ಬಂದ ಎಂ.ಜಿ.ಬಿ.ಗೂ ಜಪಾನಿನ ಮಾಜ್ದಾ ಎಂ.ಎಕ್ಸ್-5ಗೂ ಈಟನ್ ಕಂಪನಿಯ ಸೂಪರ್‌ಚಾರ್ಜರುಗಳನ್ನು ಜೋಡಿಸಿದವರು ಬಹಳ. ಅವುಗಳ ಹೊಟ್ಟೆಯೊಳಗೆ ತಿರುಗುವುದು ರೂಟ್ಸ್ ಸೋದರರ ಎಲೆಗಳ ವಂಶವೇ.

ಕರ್ನಾಟಕದಲ್ಲಿ ಈ ವಿದ್ಯೆ ಮೊದಲು ದೊಡ್ಡ ಪ್ರಮಾಣದಲ್ಲಿ ಕೈಗೆ ಬಂದದ್ದು ಕಾರಿನಿಂದಲ್ಲ, ವಿಮಾನದಿಂದ. 1940ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಸ್ಥಾಪಿಸಿದರು. ಯುದ್ಧಕಾಲದಲ್ಲಿ ಅಮೆರಿಕದ ವಾಯುಸೇನೆ ಅದನ್ನು ದುರಸ್ತಿಯ ನೆಲೆಯಾಗಿ ಬಳಸಿತು. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಬ್ರಿಟಿಷರು ಲಿಬರೇಟರ್ ಬಾಂಬರುಗಳನ್ನು, ಮತ್ತೆ ಹಾರದಂತೆ ಜಖಂ ಮಾಡಿ, ಬಿಟ್ಟುಹೋದರು. 1948ರಿಂದ ಹಿಂದುಸ್ತಾನ್ ಏರ್‌ಕ್ರಾಫ್ಟಿನವರು ಅವನ್ನು ಅಲ್ಲಿಂದ ಹಾರಿಸಿ ಬೆಂಗಳೂರಿಗೆ ತಂದು, ಬಿಚ್ಚಿ ಕಟ್ಟಿ, 40ರಷ್ಟನ್ನು ವಾಯುಸೇನೆಗೆ ಕೊಟ್ಟರು. ಒಂದೊಂದಕ್ಕೂ ನಾಲ್ಕು ಇಂಜಿನ್ನು. ಪ್ರತಿಯೊಂದರಲ್ಲೂ ಹಲ್ಲುಗಾಲಿಯಿಂದ ತಿರುಗುವ ತಿದಿಯೊಂದು, ಹೊಗೆಯಿಂದ ತಿರುಗುವುದಿನ್ನೊಂದು. ಗುಜರಿಯೆಂದು ಬಿಟ್ಟ ಈ ವಿಮಾನಗಳು 1968ರವರೆಗೆ ಹಾರಿದವು.

ಈಗ ಕುಂದಗೋಳದ ತೋಟಕ್ಕೆ ಮರಳೋಣ. ನಮ್ಮ ಜಿಲ್ಲೆಯಲ್ಲಿ ಈ ಕಾರು ತಿದಿಯಿಲ್ಲದೆ ಎಷ್ಟು ಉಸಿರಾಡುತ್ತದೆಂಬುದನ್ನು ನಾನು ಲೆಕ್ಕ ಹಾಕಿದೆ. ಈ ಬಯಲು ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರು ಎತ್ತರ. ಏಪ್ರಿಲ್ ತಿಂಗಳ ಬಿಸಿಲು 38 ಡಿಗ್ರಿ. ಇಂಗ್ಲೆಂಡಿನ ತಂಪು ಕರಾವಳಿಯ ಗಾಳಿಗೆ ಹೋಲಿಸಿದರೆ ಇಲ್ಲಿಯ ಗಾಳಿ ನೂರಕ್ಕೆ ಸುಮಾರು 14 ಪಾಲು ಹಗುರ. 54 ಎಂಬುದು ಇಲ್ಲಿ 50ರ ಒಳಗೇ ನಿಲ್ಲುತ್ತದೆ. ಅಂಗುಲಕ್ಕೆ 6 ಪೌಂಡಿನಷ್ಟು ಒತ್ತಡ ತಿದಿಯಿಂದ ಬಂದರೆ, ಗಾಳಿಯ ಒತ್ತಡ ಒಂದಕ್ಕೆ ಒಂದೂ ನಾಲ್ಕು ದಶಾಂಶವಾಗುತ್ತದೆ. ಕಾಗದದ ಮೇಲೆ ನೂರಕ್ಕೆ ನಲವತ್ತು ಲಾಭ. ತಿದಿಯನ್ನು ತಿರುಗಿಸುವ ಖರ್ಚು ಕಳೆದು, ಕಾವಿನ ನಷ್ಟ ಕಳೆದು, ಕೈಗೆ ಸಿಗುವುದು ಅದಕ್ಕಿಂತ ಕಡಿಮೆ.

ಈ ಕಾವೇ ದೊಡ್ಡ ಶತ್ರು. ಸೈಕಲ್ಲಿಗೆ ಗಾಳಿ ಹೊಡೆದವರಿಗೆಲ್ಲ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಇಲ್ಲಿಯೂ ಒತ್ತಿದ ಗಾಳಿ ನಲವತ್ತು ಐವತ್ತು ಡಿಗ್ರಿ ಏರಬಲ್ಲದು. ಕಾರ್ಬುರೇಟರನ್ನು ತಿದಿಯ ಹಿಂದೆಯಿಟ್ಟು ಪೆಟ್ರೋಲು ಬೆರೆತ ಗಾಳಿಯನ್ನೇ ಎಳೆಯಿಸುವ ಹಳೆಯ ಪದ್ಧತಿಯಲ್ಲಿ, ಆವಿಯಾಗುವ ಪೆಟ್ರೋಲು ಸ್ವಲ್ಪ ತಣಿಸುತ್ತದೆ, ನಿಜ. ಆದರೆ ಆಗ ನಳಿಗೆಯ ತುಂಬ ಉರಿಯುವ ಮಿಶ್ರಣವೇ ನಿಂತಿರುತ್ತದೆ. ಇಂಜಿನ್ನು ಒಮ್ಮೆ ಹಿಮ್ಮುಖ ಸಿಡಿದರೆ ಅದೆಲ್ಲ ಹೊತ್ತಿಕೊಳ್ಳುತ್ತದೆ. ಅದಕ್ಕಾಗಿಯೇ ಒತ್ತಡ ಬಿಡುವ ಒಂದು ಕವಾಟ ಬೇಕೇ ಬೇಕು. ಕಾವು ಮೀರಿದರೆ ಸಿಲಿಂಡರಿನೊಳಗೆ ಕಿಡಿಗೆ ಕಾಯದೆ ಮಿಶ್ರಣ ಬಡಿಯುತ್ತದೆ. ಪಿಸ್ಟನ್ನು ತೂತಾಗುತ್ತದೆ, ತಲೆಯ ಗ್ಯಾಸ್ಕೆಟ್ಟು ಸುಡುತ್ತದೆ. ಎಪ್ಪತ್ತು ವರ್ಷದ ಲೋಹ, ಅಗಲ ಕಿರಿದಾದ ರೇಡಿಯೇಟರು, ಡ್ರಮ್ಮಿನ ಬ್ರೇಕು. ಜೊತೆಗೆ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲು. ಬಡಿತ ತಡೆಯುವುದಕ್ಕೆ ಅದು ಒಳ್ಳೆಯದೇ, ಹಳೆಯ ರಬ್ಬರಿನ ಕೊಳವೆಗೆ ಮಾತ್ರ ವೈರಿ.

ಕುಂದಗೋಳವೆಂದರೆ ಸವಾಯಿ ಗಂಧರ್ವರ ಊರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡ ಊರು. ಅಲ್ಲಿ ಪೇಟಿ ಬಾರಿಸುವವರನ್ನು ನೋಡಿದವರಿಗೆ ಒಂದು ಸಂಗತಿ ಹೊಳೆದಿರಬೇಕು. ಒಂದು ಕೈ ಸ್ವರದ ಮೇಲೆ, ಒಂದು ಕೈ ತಿದಿಯ ಮೇಲೆ. ಕಚ್ಚಾ ಕೈ ತಿದಿಯನ್ನು ಜೋರಾಗಿ ಒತ್ತಿ ದನಿ ಹೆಚ್ಚಿಸಲು ಹೋಗುತ್ತದೆ, ಸ್ವರ ಕರ್ಕಶವಾಗುತ್ತದೆ. ಪಳಗಿದ ಕೈ ನಾದಕ್ಕೆ ಬೇಕಾದಷ್ಟೇ ಊದುತ್ತದೆ. ಟಿ.ಡಿ.ಗೆ 6 ಪೌಂಡು ಸಾಕು, 10 ಬೇಡ ಎನ್ನುವ ಹಳೆಯ ಮೆಕ್ಯಾನಿಕ್ಕುಗಳ ವಿವೇಕವೂ ಇಂಥದೇ.

ಹಾಗಾದರೆ ನಮ್ಮ ಸೀಮೆಗೆ ಈ ತಿದಿ ಅಪರಿಚಿತವೇ? ಇಲ್ಲವೇ ಇಲ್ಲ. ಮೀಟರ್ ಗೇಜಿನ ಕಾಲದಲ್ಲೇ ಡೀಸೆಲ್ ಇಂಜಿನ್ನುಗಳ ಮೇಲಿದ್ದ ಟರ್ಬೊವನ್ನು ರೈಲ್ವೆಯವರು 'ಟರ್ಬೊ ಸೂಪರ್‌ಚಾರ್ಜರ್' ಎಂದೇ ಕರೆಯುತ್ತಿದ್ದರು. 1999ರಿಂದ ದೇಶಕ್ಕೆ ಬಂದ 4000 ಅಶ್ವಶಕ್ತಿಯ ಅಮೆರಿಕನ್ ಮಾದರಿಯ ಇಂಜಿನ್ನುಗಳಿಗೆ ಹುಬ್ಬಳ್ಳಿಯ ಡೀಸೆಲ್ ಶೆಡ್ಡು ಮನೆಯಾಯಿತು. ಅವುಗಳ ಟರ್ಬೊ ಒಂದು ವಿಚಿತ್ರ ಪ್ರಾಣಿ: ಹೊಗೆ ಕಡಿಮೆಯಿರುವಾಗ ಹಲ್ಲುಗಾಲಿಗಳಿಂದ ತಿರುಗಿ ಸೂಪರ್‌ಚಾರ್ಜರಾಗುತ್ತದೆ, ಹೊಗೆ ರಭಸವಾದೊಡನೆ ಹಲ್ಲುಗಾಲಿಯ ಹಂಗು ಬಿಟ್ಟು ತಾನೇ ಓಡುತ್ತದೆ. ಅಣ್ಣಿಗೇರಿಯ ಸ್ಟೇಷನ್ನಿನಲ್ಲಿ ಸರಕು ಗಾಡಿ ಹೊರಡುವಾಗ ಕೇಳಿದ ಸಿಳ್ಳೆಯಂಥ ದನಿ ಅದರದೇ. ಇಂದು ಊರಿಂದೂರಿಗೆ ಓಡುವ ಡೀಸೆಲ್ ಬಸ್ಸು, ಲಾರಿ, ನವಲಗುಂದದ ಹೊಲದ ದೊಡ್ಡ ಟ್ರ್ಯಾಕ್ಟರು, ಎಲ್ಲದರ ಮೈಯಲ್ಲೂ ಒಂದೊಂದು ಟರ್ಬೊ ಉಂಟು. ಯಾರೂ ಅದನ್ನು ವಿಶೇಷವೆಂದು ನೋಡುವುದಿಲ್ಲ. ನನ್ನ ಸ್ನೇಹಿತರ ಕಾರಿನ ಮೇಲೆ ಅದೇ ವಸ್ತು ಕೂತರೆ ಮಾತ್ರ ಪ್ರಶ್ನೆ ಏಳುತ್ತದೆ.

ಪ್ರಶ್ನೆ ಕಾಯಿದೆಯದೂ ಹೌದು. ತಯಾರಕರು ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. 2021ರ ಜುಲೈಯಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ಮೀರಿದ ಸ್ವಂತ ಬಳಕೆಯ ವಾಹನಗಳಿಗೆ 'ವಿಂಟೇಜ್' ಎಂಬ ಹೊಸ ನೋಂದಣಿ ತಂದಿತು. ಅದಕ್ಕೆ ಶರತ್ತು: ವಾಹನ ಮೂಲರೂಪದಲ್ಲೇ ಇರಬೇಕು, ಚಾಸಿ, ಒಡಲು, ಇಂಜಿನ್ನುಗಳಲ್ಲಿ ಗಣನೀಯ ಬದಲಾವಣೆ ಆಗಿರಕೂಡದು.

ಮೂಲರೂಪ ಎಂದರೇನು? ಅಬಿಂಗ್ಡನ್ನಿನ ಬಾಗಿಲು ದಾಟಿದ ದಿನದ ರೂಪವೆಂದು ಕಾಯಿದೆ ತಿಳಿಯುವಂತಿದೆ. ಇತಿಹಾಸ ಓದಿದವನಿಗೆ ಅಷ್ಟು ಸರಳವಾಗಿ ಒಪ್ಪಲು ಕಷ್ಟ. 1951ರ ಟಿ.ಡಿ.ಯ ಮಾಲಿಕ 1953ರಲ್ಲಿ ಶಾರಕ್ ಕೂಡಿಸಿ ಓಡಿಸಿದ್ದರೆ ಆ ಶಾರಕ್ಕೂ ಕಾರಿನ ಆಯುಷ್ಯದ ಒಂದು ಭಾಗ. ಅದನ್ನು ಕಿತ್ತು ಒಗೆದು 'ಮೂಲ'ಕ್ಕೆ ಮರಳಿಸುವುದು ಹಳೆಯ ಗುಡಿಯ ಮುಂದೆ ಆಮೇಲೆ ಕಟ್ಟಿದ ಮಂಟಪವನ್ನು ಕೆಡವಿದಂತೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿಯಲ್ಲಿ ನಿಂತು ಯಾವ ಕಲ್ಲು ಮೊದಲಿನದು, ಯಾವುದು ಆಮೇಲಿನದು ಎಂದು ಎಣಿಸುತ್ತ ಕೂತರೆ ಪೂಜೆಗೆ ಹೊತ್ತು ಮೀರುತ್ತದೆ. ಆದರೆ ನನ್ನ ಸ್ನೇಹಿತರ ಪ್ರಸಂಗ ಹಾಗಲ್ಲವೆಂಬುದನ್ನೂ ಹೇಳಬೇಕು. ಅವರ ಕಾರಿಗೆ ಹಿಂದೆಂದೂ ತಿದಿ ಇದ್ದಿಲ್ಲ. ಈಗ ಕಟ್ಟಿದರೆ ಸೇರುವುದು 1953ರ ಇತಿಹಾಸವಲ್ಲ, ಈ ವರ್ಷದ ಆಸೆ. ಆಸೆ ಕೆಟ್ಟದ್ದೆಂದು ನಾನು ಹೇಳಲಾರೆ; ಬರ್ಕಿನ್‌ನದೂ ಆಸೆಯೇ ಆಗಿತ್ತು.

ಶಾರಕ್‌ನಂಥ ಸಾಧನಕ್ಕೆ ಒಂದು ಗುಣವಿದೆ. ಇಂಜಿನ್ನಿನ ಮೈ ಕೊರೆಯದೆ, ಮೊಳೆ ತಿರುಪುಗಳಿಂದಲೇ ಕೂಡಿಸಬಹುದು, ಬಿಚ್ಚಲೂಬಹುದು. ಸ್ನೇಹಿತರಿಗೆ ನಾನು ಕೊಟ್ಟ ಸಲಹೆ ಇಷ್ಟೇ: ಮೊದಲು ವಿಂಟೇಜ್ ನೋಂದಣಿ ಮಾಡಿಸಿರಿ, ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ಶಾರಕ್ಕನ್ನು ಎಣ್ಣೆ ಸವರಿ ಕಪಾಟಿನಲ್ಲಿಡಿರಿ. ಬಿಚ್ಚಿದ ಮೂಲ ಭಾಗ ಒಂದನ್ನೂ ಮಾರಬೇಡಿರಿ. ಇಷ್ಟು ಕೇಳಿ ಅವರು ನಕ್ಕರು. ವಿಂಟೇಜ್ ನೋಂದಣಿಯ ವಾಹನವನ್ನು ದಿನನಿತ್ಯದ ಓಡಾಟಕ್ಕೆ ರಸ್ತೆಯಲ್ಲಿ ಓಡಿಸುವಂತಿಲ್ಲವೆಂಬ ಇನ್ನೊಂದು ನಿಯಮವನ್ನು ಅವರು ಆಗಲೇ ಓದಿಕೊಂಡಿದ್ದರು. ಅವರಿಗೆ ಬೇಕಾದದ್ದು ಕಲಘಟಗಿಯ ಮೇಲೆ ಹಾದು ಅರಬೈಲು ಘಟ್ಟವನ್ನು ಇಳಿದು ಮತ್ತೆ ಹತ್ತುವುದು.